ಇಪ್ಪತ್ತು ನಿಮಿಷಕ್ಕೊಂದು ನೆಗೆತ

ಮುಹರ್ರಕ್ಕಿನ ಈ ಓಣಿಯಲ್ಲಿ ನಮ್ಮದನ್ನು
ಅಂಗಡಿ ಅನ್ನುವುದಿಲ್ಲ, ಕೋಲ್ಡ್ ಸ್ಟೋರ್.
ತಣ್ಣಗಿರುವುದು ಮಜ್ಜಿಗೆಯ ಫ್ರಿಜ್ಜು ಮಾತ್ರ.
ನನ್ನ ತಲೆಯ ಮೇಲಿನ ಏಸಿ ರಂಜಾನಿನಿಂದ ಕೆಟ್ಟಿದೆ.

ರಾತ್ರಿ ಹತ್ತರ ಮೇಲೆ ಇಂಚರ ಬಂದಳು.
ಎರಡನೇ ಮಾಳಿಗೆ, ಹದಿಮೂರು ವರ್ಷ,
ಕಾಲಲ್ಲಿ ಒಂದು ಚಪ್ಪಲಿ ಅಪ್ಪನದು, ಒಂದು ತನ್ನದು.
ಸಿಗರೇಟಿನ ಪಕ್ಕ ತೂಗುವ ಗೇಮ್ ಕಾರ್ಡುಗಳನ್ನು ನೋಡಿ
ಫೋನು ಕೌಂಟರಿನ ಮೇಲಿಟ್ಟಳು.
"ಎರಡುಂಟು. ಯಾವ್ದ್ ತಕಣ್ಲಿ ಅಣ್ಣ?"

ಕುಂದಾಪ್ರದ ಮಾತು ನನಗಿಲ್ಲಿ ಸಿಗುವುದು
ಅವಳಿಂದ, ಮತ್ತೆ ಶುಕ್ರವಾರದ ಫೋನಿನಿಂದ.
ಉಳಿದವರಿಗೆಲ್ಲ ನಾನು ರಫೀಕ್.

ಒಂದರ ಹೆಸರು ಹದ್ದಿನದು,
ಇನ್ನೊಂದರದು ಕೆಮ್ಮಿನ ಔಷಧದ ಹಾಗೆ.
ಹದ್ದಿಗೆ ವಾರಕ್ಕೆ ಒಂದೂವರೆ ದಿನಾರ್, ವಾರವಾರ ಹೊಸ ಕೀಲಿ.
ಔಷಧಕ್ಕೆ ಹನ್ನೊಂದು, ಒಂದೇ ಸಲ. ಆಜೀವ.

"ಯಾರ ಜೀವ?" ಅಂದೆ.
ಅದು ಪ್ರಶ್ನೆಯೆಂದೇ ಅವಳಿಗೆ ಅನಿಸಲಿಲ್ಲ.

ಆಟದೊಳಗೆ ಅವಳಿಗೊಂದು ಬೇಕರಿ ಉಂಟಂತೆ.
ಗಿರಾಕಿಗಳು ಬರುತ್ತಲೇ ಇರುತ್ತಾರೆ, ಬನ್ನು ಕೇಳುತ್ತಾರೆ,
ತಡವಾದರೆ ನಕ್ಷತ್ರ ಕಿತ್ತುಕೊಳ್ಳುತ್ತಾರೆ.
ಇವಳಿಗೋ ಶಾಲೆ, ನಿದ್ದೆ, ಕೀಬೋರ್ಡ್ ಕ್ಲಾಸು.
ದುಡ್ಡು ಕೊಟ್ಟು ಇದನ್ನು ತಂದು ನಾಲ್ಕು ಸಾಲು ಸ್ಕ್ರಿಪ್ಟ್ ಹಾಕಿದರೆ
ಅವಳ ಬೊಂಬೆ ಬೆಳಗಿನ ತನಕ ತಾನೇ ನಿಂತು
ಬನ್ನು ಕೊಡುತ್ತದೆ, ಚಿಲ್ಲರೆ ಎಣಿಸುತ್ತದೆ,
ನಗುತ್ತದೆ ಕೂಡ.

"ಕೂತುಕೊಳ್ಳುವುದಿಲ್ವಾ?"
"ಕೂರುವ ಸ್ಕ್ರಿಪ್ಟ್ ಬೇರೆ. ಅದರಿಂದ ಎಂತ ಲಾಭ?

ಒಂದೇ ತೊಂದರೆ. ಸುಮ್ಮನೆ ನಿಂತಿದ್ದರೆ
ಇಪ್ಪತ್ತು ನಿಮಿಷಕ್ಕೆ ಹೊರಗೆ ಹಾಕುತ್ತದೆ.
ಅಷ್ಟರಲ್ಲಿ ಒಮ್ಮೆ ನೆಗೆಯಬೇಕು, ಬದುಕಿದ್ದೇನೆ ಅಂತ.
ಹದ್ದು ಸರಿಯಾಗಿ ನೆಗೆಸುತ್ತದೆ. ಔಷಧ ಮರೆಯುತ್ತದಂತೆ."

ನಾನು ಮೂಲೆಯ ಕ್ಯಾಮೆರಾ ಕಡೆ ತಿರುಗಲಿಲ್ಲ.
ಅದರ ಇನ್ನೊಂದು ತುದಿ ರಿಫಾದಲ್ಲಿ, ಧಣಿಯ ದಿಂಬಿನ ಹತ್ತಿರ.
ಸ್ಟೂಲಿನ ಮೇಲೆ ಹತ್ತು ನಿಮಿಷವಾದರೆ ಫೋನು.

ಸಣ್ಣ ಅಕ್ಷರ ಓದಿದೆ.
ಔಷಧದವನು ಮೊದಲು ಕೇಳುವುದು
ಆಂಟಿವೈರಸ್ ಆರಿಸಿ, ಹೆದರಬೇಡಿ, ಎಲ್ಲರೂ ಹೀಗೇ ಮಾಡುವುದು.
ವಿಮಾನ ಇಳಿದ ದಿನ ನನ್ನ ಪಾಸ್‌ಪೋರ್ಟನ್ನು
ಡ್ರಾಯರಿಗೆ ಹಾಕಿದವನ ದನಿಯೂ ಇಷ್ಟೇ ಮೆತ್ತಗಿತ್ತು.

ಹದ್ದಿನವನ ಪಾಡು ಬೇರೆ. ಬುಧವಾರ ಆಟ ಬದಲಾದರೆ
ಹದ್ದು ಎರಡು ದಿನ ಏಳುವುದಿಲ್ಲ.
ಆದರೆ ಕ್ಷಮಿಸಿ ಅನ್ನುತ್ತಾನೆ,
ಕೆಟ್ಟ ದಿನಗಳನ್ನು ಕೊನೆಗೆ ಸೇರಿಸಿ ಕೊಡುತ್ತಾನೆ.
ನನ್ನ ಓವರ್‌ಟೈಮಿನ ಲೆಕ್ಕ ಇಷ್ಟು ಚೊಕ್ಕ ಇಲ್ಲ.

"ಸಿಕ್ಕಿಬಿದ್ದರೆ?"
"ಬ್ಯಾನ್. ಬೇಕರಿ, ಒಲೆ, ಹೆಸರು, ಬೆಕ್ಕು."
"ಬೆಕ್ಕೂ?"
"ಬೆಕ್ಕೂ."

ಆ ಪದವನ್ನು ನಾವಿಲ್ಲಿ ಜೋರಾಗಿ ಹೇಳುವುದಿಲ್ಲ.
ಬೇರೆಯವರ ಅಂಗಡಿಯಲ್ಲಿ ದುಡಿಯುತ್ತ ಸಿಕ್ಕಿಬಿದ್ದ
ಭಟ್ಕಳದ ಮುಝಮ್ಮಿಲ್
ಹೊದಿಕೆ ಮಡಚದೆಯೇ ಹೋದ. ಅವನ ಸಾಬೂನು
ಇನ್ನೂ ಕಿಟಕಿಯಲ್ಲುಂಟು, ಬಿರುಕುಬಿಟ್ಟು.

"ವಾರದ್ದೇ ತಗೋ" ಅಂದೆ. ಆಮೇಲೆ
"ಇಲ್ಲ, ಎರಡೂ ಬೇಡ. ರಾತ್ರಿ ಬೇಕರಿ ಮುಚ್ಚು."

"ಮುಚ್ಚಿದರೆ ಎದುರಿನವರಿಗೆ ಲಾಭ," ಅಂದಳು
ಥೇಟ್ ಧಣಿಯ ಹಾಗೆ,
ಮತ್ತೆ ನೂರು ಫಿಲ್ಸಿನ ಚಿಪ್ಸ್ ಕೊಂಡು
ನಾಳೆ ಹೇಳುತ್ತೇನೆ ಅಂತ ಮೆಟ್ಟಿಲು ಹತ್ತಿದಳು,
ಚಪ್ಪಲಿ ಎರಡು ಬೇರೆ ಬೇರೆ ಸದ್ದು ಮಾಡುತ್ತ.

ಒಂದು ಗಂಟೆಗೆ ಶಟರ್ ಅರ್ಧ ಎಳೆದು
ಕ್ಯಾಮೆರಾದ ನೇರ ಬಂದು ನಿಂತೆ.
ನೆಗೆದೆ, ಒಂದೇ ಸಲ.
ಹಾಲಿನ ಖಾಲಿ ಕ್ರೇಟುಗಳು ಅದುರಿದವು.
ಫೋನು ಬರಲಿಲ್ಲ.