ಬ ಖರಾಬು

ವಾರದಾಗ ಆರು ದಿನ ನಾ ಸರಪಳಿ ಎಳಿಯಾಂವ.
ಅಣ್ಣಗ ಇಷ್ಟು ಗುಂಟೆ, ತಮ್ಮಗ ಇಷ್ಟು,
ಬದುವಿನ ಮ್ಯಾಲಿನ ಬೇವಿನಗಿಡ ಯಾರದು ಅಂತ
ಹೊತ್ತು ಮುಳಗೂತನಕ ಇಬ್ಬರ ಬೈಗುಳಾನೂ ತಿನ್ನಾಂವ.
ಐತವಾರ ಅಳತಿ ಇಲ್ಲ.

ಐತವಾರ ಬೆಟಗೇರಿಯಿಂದ ಮೂರು ಗಾಡಿ ಹೊರಡತಾವ.
ದಾವಲಸಾಬಂದು ಅವನ ಗ್ಯಾರೇಜಿನ್ಯಾಗ ಹುಟ್ಟಿದ್ದು,
ಇಂಜಿನ್ನು ಒಂದು ಗಾಡೀದು, ಮೈ ಇನ್ನೊಂದರದು,
ಸೈಲೆನ್ಸರ್ ಯಾವುದರದು ಅಂತ ಅವನೂ ಹೇಳೂದಿಲ್ಲ.
ನಂದು ಮಾವ ಬಿಟ್ಟುಕೊಟ್ಟ ಹಳೇ ಟೂ-ಸ್ಟ್ರೋಕು.
ವೀಣಾ ಕಲಬಂಡಿದು ಅಸಲಿ ಡರ್ಟ್ ಬೈಕು.
ನಂಬರ್ ಪ್ಲೇಟಿಲ್ಲ, ಡಾಂಬರಿನ ಮ್ಯಾಲ ಕಾಲಿಡೂಹಂಗಿಲ್ಲ,
ಅದಕ್ಕ ಟಾಟಾ ಏಸಿನ್ಯಾಗ ಹಗ್ಗಾ ಬಿಗಿಸಿಕೊಂಡು
ಸಂತಿಗೆ ಹೊಂಟ ಹೋರಿ ಹಂಗ ಗುರಾಯಿಸಿಕೋತ ಬರತೈತಿ.

ಓಡಸಾಕ ಒಂದು ಜಾಗಾ ಬೇಕು, ಅಷ್ಟ.
ಕುಸ್ತಿಗೆ ಗರಡಿ ಐತಿ, ಕ್ರಿಕೆಟ್ಟಿಗೆ ಮೈದಾನ,
ಸತ್ತವರಿಗೂ ಊರಿಗೆ ಎರಡೆರಡು ಎಕರೆ.
ಗಾಡಿ ಎತ್ತಿ ಹಾರಸಾಕ ಮಾತ್ರ
ಯಾ ನಕ್ಷಾದಾಗೂ ಒಂದು ಬಣ್ಣ ಹಚ್ಚಿಲ್ಲ.

ಮದ್ಲ ಕಪ್ಪತಗುಡ್ಡದ ಕಡೆ ಹ್ವಾದಿವಿ.
ಗಾರ್ಡು ಬೈದಿದ್ರ ಜಗಳಾನರ ಮಾಡಬಹುದಿತ್ತು.
ಕೈ ಮುಗದ. "ತ್ವಾಳ ಮರಿ ಹಾಕ್ಯಾವ್ರಿ" ಅಂದ.
ಇಂಜಿನ್ನು ಬಂದ್ ಮಾಡಿ ಗಾಡಿ ನೂಕಿಕೋತ ಇಳದಿವಿ,
ಬಾಣಂತಿ ಮನಿ ಮುಂದಿನಿಂದ ಹೋಗೂವರ ಹಂಗ.

ಆಮ್ಯಾಲ ಗಾಳಿಕಂಬದ ರಸ್ತೆ. ಅಗಲ, ಕೆಂಪು, ಸಣ್ಣ ಕಲ್ಲು.
ಮ್ಯಾಲ ಅಷ್ಟು ದೊಡ್ಡ ರೆಕ್ಕಿ ಗುಂಯ್ ಅಂತಿದ್ರ
ನಮ್ಮ ಸಪ್ಪಳ ಯಾರಿಗೆ ಕೇಳಬೇಕು ಅಂದ್ಕೊಂಡಿದ್ವಿ.
ವಾಚ್‌ಮನ್ ಹುಡುಗ ಒಡಿಶಾದಾಂವ, ಕನ್ನಡ ಬರೂದಿಲ್ಲ,
ಬೋರ್ಡಿಗೆ ಬಟ್ಟಿಟ್ಟ.
ಬೋರ್ಡಿಗೆ ಕನ್ನಡ ಬರತಿತ್ತು.

ಬತ್ತಿದ ಕೆರಿ ಅಂಗಳದಾಗ ದಾವಲಸಾಬ ಮೊಣಕಾಲತನ ಹೂತ.
ಎರಿಮಣ್ಣು ಮ್ಯಾಲ ಹಪ್ಪಳ, ಒಳಗ ಗಂಜಿ.
ಟ್ರ್ಯಾಕ್ಟರಿನಾಂವಗ ಐನೂರು, ಮ್ಯಾಲ ಮಿರ್ಚಿ-ಗಿರ್ಮಿಟ್ಟು.
ಬರೇ ಕಲ್ಲು ನೆಟ್ಟಿದ್ದ ಲೇಔಟಿನ್ಯಾಗ
ನಲವತ್ತು ಪ್ಲಾಟು, ಮನಿ ಒಂದೂ ಇಲ್ಲ,
ಆದ್ರ ಮಾಲಕರು ನಲವತ್ತೂ ಮಂದಿ ಇದ್ರು.

ಒಂದು ರಾತ್ರಿ ಯಾರದೋ ಉತಾರ ಓದಿಕೋತ ಕುಂತಾಗ
ದಿನಾ ನೋಡೂ ಕಾಲಮ್ಮು ಹೊಸದಾಗಿ ಕಂಡಿತು.
ಬ ಖರಾಬು: ನಾಲ್ಕು ಎಕರೆ ಹದಿನೇಳು ಗುಂಟೆ.
ಬಿತ್ತಾಕ ಬರೂದಿಲ್ಲ, ಮಾರಾಕ ಬರೂದಿಲ್ಲ,
ಯಾರ ಹೆಸರಿಗೂ ಏರೂದಿಲ್ಲ.
ನಾನ ನೂರು ಸಲ ಬರದಿದ್ದೆ ಆ ಶಬ್ದ,
ಬೈಗುಳದ ಹಂಗ, ಪೆನ್ನು ಎತ್ತದ.
ಅವತ್ತು ಯಾಕೋ ಯಾರೋ ಕೂಸಿಗೆ
ದೃಷ್ಟಿ ತಾಗಬಾರದು ಅಂತ ಇಟ್ಟ ಹೆಸರು ಅನಿಸ್ತು.

ಪಂಚಾಯ್ತಿಯಾಗ ಪಿಡಿಓ ಮೇಡಮ್ಮು ಕೇಳಿದ್ರು:
"ಇದಕ್ಕ ಯಾವ ನಮೂನೀ ಅರ್ಜಿ?"
ಬಾಗಲದಾಗ ಕುಂತ ಮುದುಕಪ್ಪ ಅಂದ:
"ಎತ್ತಿಲ್ಲದ ಖಾಲಿ ಗಾಡಾ ಷರತ್ತು ಅಂತ ಬರಕೋರಿ."
ಬರಕೊಂಡ್ರು. ಇನ್ನೂ ಪರಿಶೀಲನ್ಯಾಗ ಐತಿ.

ನಾವು ಹಂಗ ಹ್ವಾದಿವಿ, ನೋಡಿ ಬರೂಣು ಅಂತ.
ಹಳೇ ಕಲ್ಲಖಣಿ, ಪಕ್ಕಕ್ಕ ಒಣಾ ಹಳ್ಳ,
ದಿಬ್ಬ ತೆಗ್ಗು ದಿಬ್ಬ, ದೇವರ ಅಳದು ಹಾಕಿಧಂಗ.
ವೀಣಾ ಹೆಲ್ಮೆಟ್ಟಿನೊಳಗ ನಗೂದು ಹೊರಗ ಕೇಳತಿತ್ತು.
ಮೂಡಲ ಮೂಲ್ಯಾಗ ಕುಳ್ಳಿನ ಬಣವಿ,
ಬಣವಿ ನೆಳ್ಳಿಗೆ ಗುದ್ನೆವ್ವ.

"ಇದು ಯಾರ ಜಾಗಾ ಬೇ?"
"ಯಾರದೂ ಅಲ್ಲೋ. ನಂದು."

ಉತಾರದಾಗ ಇಲ್ಲದ್ದನ್ನ ಆಕಿ ಹೇಳಿದ್ಲು:
ಕುಳ್ಳು ಒಣಗೂತನಕ ಧೂಳು ಈ ಕಡೆ ಬರಬಾರದು,
ಕುರಿ ಬರೂದು ಮೂರು ತಾಸಿಗೆ, ಆವಾಗ ಬಂದ್,
ಹಳ್ಳದ ಹೊಂಡದಾಗ ನೀರಿದ್ರ ಎಣ್ಣಿ ಚೆಲ್ಲಬ್ಯಾಡ್ರಿ,
ಮತ್ತ ಬರೂವಾಗ ಒಂದು ಡಬ್ಬಿ ತಂಬಾಕ.

ಐತವಾರ ನಾ ಸರಪಳಿ ತಗದಿದ್ದು ಅವತ್ತ ಮದ್ಲ.
ಬಣವಿ ಸುತ್ತ ಹನ್ನೆರಡು ಹೆಜ್ಜಿ ಬಿಟ್ಟು ಸುಣ್ಣದ ಗೆರಿ.
ಸಹಿ ಇಲ್ಲ, ಪಂಚರಿಲ್ಲ, ಫೀಜು ಇಲ್ಲ.

ವೀಣಾ ಎರಡನೇ ದಿಬ್ಬ ಹತ್ತಿ ಬಿಟ್ಲು.
ಗಾಲಿ ಎರಡೂ ನೆಲಾ ಬಿಟ್ಟಾಗ ಇಂಜಿನ್ನಿನ ದನಿ ತೆಳ್ಳಗಾತು,
ದಾವಲಸಾಬ ಬೀಡಿ ಹಚ್ಚೂದು ಮರತ,
ಯಾ ಸರ್ವೆ ನಂಬರಿನ್ಯಾಗೂ ಇಲ್ಲದ ಒಂದು ಗಳಿಗಿ.
ಇಳದಾಗ ಹಿಂದಿನ ಗಾಲಿ ಜಾರಿ ಸುಣ್ಣಕ್ಕ ಹತ್ತಿತು.

ತಾಸಿನ ಹಿಂದ ಅಳತಿ ಅಂದ್ರೇನು ಅಂತ ಕೇಳಿದ ಗುದ್ನೆವ್ವ
ಸೆರಗು ಸಿಗಿಸಿ ಎದ್ದು ನಿಂತು,
ನಾ ಆರು ದಿನ ಕೇಳೂ ಅದ ದನಿಯಾಗ:
"ಗೆರಿ! ಏ ಮೋಜಣಿದಾರ, ಗೆರಿ ದಾಟ್ಯಾಳ ನೋಡು!"