ಗೋಲಿ

ನಮ್ಮಲ್ಲಿ ಗೋಲ್‌ಕೀಪರನಿಗೆ ಗೋಲಿ ಅಂತಲೇ ಹೆಸರು.
ಹತ್ತು ಜನ ಓಡುವಾಗ ನಿಂತವನು,
ಹತ್ತು ಜನ ತಬ್ಬಿಕೊಳ್ಳುವಾಗ
ಎಂಬತ್ತು ಗಜ ದೂರದಲ್ಲಿ ಒಬ್ಬನೇ
ಕೈಗವಸಿನಲ್ಲಿ, ಸದ್ದಿಲ್ಲದೆ,
ಚಪ್ಪಾಳೆ ತಟ್ಟಿಕೊಂಡವನು.

ನೆಹರೂ ಮೈದಾನದಲ್ಲಿ ಒಂಬತ್ತು ಮಳೆಗಾಲ ನಿಂತೆ.
ಚೆಂಡು ಆ ತುದಿಗೆ ಹೋಯಿತೆಂದರೆ
ಈ ತುದಿ ಬೇರೆಯೇ ಊರು.
ಬೆನ್ನ ಹಿಂದೆ ಸ್ಟೇಟ್‌ಬ್ಯಾಂಕಿನ ಬಸ್ಸುಗಳು,
ಕಂಕನಾಡಿ ಕಂಕನಾಡಿ ಎಂದು ತಗಡು ಬಡಿಯುವ ಕಂಡಕ್ಟರು,
ಯಾರದೋ ಒದ್ದೆ ಕೊಡೆ, ಯಾರದೋ ಸಿಡುಕು.
ಎದುರಿಗೆ ಖಾಲಿ.
ಕೆಂಪು ಕೆಸರು, ಅದರಲ್ಲಿ ಬೂಟಿನ ಗುಳಿಗಳು,
ಗುಳಿಗೊಂದು ಚೂರು ಆಕಾಶ,
ಯಾವ ಎರಡೂ ಒಂದೇ ಬಣ್ಣವಲ್ಲ.

ಬೂದು ಅಂದರೆ ಒಂದು ಬಣ್ಣ ಅಂತ
ಪೇಂಟಿನ ಅಂಗಡಿಯವರು ತಿಳಿದಿದ್ದಾರೆ.
ನಾನು ಅಲ್ಲಿ ನಿಂತು ಎಣಿಸಿದ್ದೇನೆ:
ಬಂಗುಡೆಯ ಬೆನ್ನಿನ ಬೂದು,
ಅದೇ ಬಂಗುಡೆ ಮಧ್ಯಾಹ್ನ ದಾಟಿದರೂ ಬುಟ್ಟಿಯಲ್ಲಿ ಉಳಿದರೆ ಬರುವ ಬೂದು,
ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ
ಚಿಮಣಿಯ ಬಾಯಲ್ಲಿ ಉಳಿದದ್ದು,
ಬೀಗ ಹಾಕಿದ ಆ ದಿನ ಅಪ್ಪ ತೊಟ್ಟ ಬನಿಯನ್ನಿನದು.

ಗಾಡ್‌ಫ್ರೀ ಸರ್ ಹೇಳುತ್ತಿದ್ದರು:
ಚೆಂಡೇ ನೋಡಬೇಡ ಮಾರಾಯ, ಚೆಂಡು ಇಲ್ಲದ ಜಾಗ ನೋಡು.
ಗೋಲು ಅಂದರೆ ಇಪ್ಪತ್ತನಾಲ್ಕಡಿ ಅಗಲದ,
ಎಂಟಡಿ ಎತ್ತರದ ಒಂದು ಇಲ್ಲ.
ಆ ಇಲ್ಲವನ್ನು ಕಾಯುವುದು ನಿನ್ನ ಕೆಲಸ.

ಫೈನಲ್. ಎಂಬತ್ತೇಳನೆಯ ನಿಮಿಷ. ಸೊನ್ನೆ ಸೊನ್ನೆ.
ಮಳೆ ಬಿಟ್ಟಿತ್ತು. ಕಡಲ ಕಡೆಯಿಂದ
ಮೋಡದಡಿ ನುಸುಳಿ ಬಂದ ಬಿಸಿಲು
ಆ ತುದಿಯ ಕಂಬ ಒಂದನ್ನೇ ಮುಟ್ಟಿತು, ಬಲಗಡೆಯದು ಮಾತ್ರ.
ಬಿಳಿ ಹೋಗಿ ಹಳದಿ, ಆಮೇಲೆ, ಹೇಗೆ ಹೇಳಲಿ,
ಕಚ್ಚಿದ ಗೇರುಹಣ್ಣಿನ ಒಳಗಿನಷ್ಟು ಹಸಿ.
ನಾನು ಅದನ್ನು ನೋಡಿದೆ.
ಚೆಂಡು ನನ್ನನ್ನು ನೋಡಿತ್ತು.

ಕ್ಯಾಪ್ಟನ್ ತಮೀಮ್ ಎರಡು ವರ್ಷ ಮಾತು ಬಿಟ್ಟ.
ಒಮ್ಮೆ ಬಂದರಿನ ಚಾದಂಗಡಿಯಲ್ಲಿ
"ನಿದ್ದೆ ಬಂದಿತ್ತಾ?" ಅಂತ ಲೋಟದೊಳಗೇ ಕೇಳಿದ.
ಕಂಬ ಹೊಳೆಯಿತು ಅನ್ನಲಿಲ್ಲ ನಾನು.
ಅಂದಿದ್ದರೆ ಹೊಡೆಯುತ್ತಿದ್ದ, ನ್ಯಾಯವಾಗಿಯೇ.

ಬೋಳಾರದ ಮಾಳಿಗೆಯ ಕೋಣೆಯಲ್ಲಿ ಮೊದಮೊದಲು
ಚಿತ್ರವೆಂದರೆ ಗೋಲು ಹೊಡೆಯುವುದು ಎಂದುಕೊಂಡೆ.
ಬಣ್ಣ ಎಸೆದೆ, ಒದ್ದೆ, ಉಗಿದೆ.
ಕ್ಯಾನ್ವಾಸು ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿತು.
ಸರಿಯಾಗಲು ಆರು ವರ್ಷ ಹಿಡಿಯಿತು:
ಬೇಡದ್ದು ಬಾರದಂತೆ ತಡೆಯುವುದಷ್ಟೇ ಕೆಲಸ.
ಈಗಲೂ ತುದಿಗಾಲಲ್ಲೇ ನಿಲ್ಲುತ್ತೇನೆ,
ಮಂಡಿ ಬಾಗಿಸಿ, ಗಂಟೆಗಟ್ಟಲೆ, ಮಾತಿಲ್ಲದೆ.
ಮುರಿದು ಸೊಟ್ಟಗೇ ಕೂಡಿದ ಕಿರುಬೆರಳು
ಕುಂಚಕ್ಕೆ ಊರುಗೋಲು.
ಅಳತೆ ಮೂರಕ್ಕೆ ಒಂದು, ಯಾವಾಗಲೂ.
ಚೌಕಟ್ಟು ಕಟ್ಟುವ ನಾರ್ಬರ್ಟ್ ಬೈಯುತ್ತಾನೆ,
ಇಷ್ಟು ಉದ್ದದ ಗೋಡೆ ಯಾರ ಮನೆಯಲ್ಲುಂಟು ಮಾರ್ರೆ?

ಕಳೆದ ಆಗಸ್ಟಿನ ಪ್ರದರ್ಶನಕ್ಕೆ ತಮೀಮ್ ಬಂದ.
ಐಸ್ ಫ್ಯಾಕ್ಟರಿಯಿಂದ ನೇರ, ಅಂಗಿಯಲ್ಲಿ ಮೀನಿನ ತಣ್ಪು,
ಯಾರೂ ಹೇಳದೆ ಚಪ್ಪಲಿ ಹೊರಗೆ ಬಿಟ್ಟ.
ದೊಡ್ಡ ಚಿತ್ರದ ಮುಂದೆ ನಿಂತ.
ಅದರಲ್ಲಿ ಬೂದು, ಬೂದು, ಬಲತುದಿಗೆ ಮಾತ್ರ
ಒಂದು ಹಸಿ ಹಳದಿ ಗೀರು.
ಲೆಕ್ಕ ಹಾಕಿದ. ತುಟಿ ಅಲ್ಲಾಡಿದ್ದು ಕಂಡೆ.
ಮತ್ತೆ ಮೆಲ್ಲಗೆ ತಿರುಗಿ
ಚಿತ್ರಕ್ಕೆ ಬೆನ್ನು ಕೊಟ್ಟು
ಮಂಡಿ ಬಗ್ಗಿಸಿದ, ಎರಡೂ ಕೈ ಅಗಲಿಸಿದ.
ಅವನೆದುರಿಗೆ ಖಾಲಿ ಹಾಲು, ಒಂದು ಸ್ಟೂಲು,
ತೆರೆದ ಬಾಗಿಲಾಚೆ ಮಳೆ.

ಕಾವಲಿನವ ಬಂದು, ಸರ್, ಚಿತ್ರಕ್ಕೆ ತಾಗಬೇಡಿ ಅಂದ.
ತಮೀಮ್ ಕದಲಲಿಲ್ಲ.