ಮೂರನೇ ಡ್ರಮ್ಮು

ಭಾಷೆ ಆರಿಸಿ ಎಂದಿತು ಪರದೆ.
ಅರಬ್ಬಿ, ಇಂಗ್ಲಿಷು, ಹಿಂದಿ, ಉರ್ದು, ಮಲಯಾಳ, ಬಂಗಾಳಿ.
ಕೆಳಗೆಳೆದೆ, ಇನ್ನೂ ಎಳೆದೆ, ತಳ ಬಂತು.
ನಮ್ಮದು ಇರಲಿಲ್ಲ.
ಹಿಂದಿ ಒತ್ತಿದೆ. ಧಾರಾವಾಹಿ ನೋಡಿ ಕಲಿತ ಹಿಂದಿ,
ಅತ್ತೆ ಗೊತ್ತು ಅದಕ್ಕೆ, ವಿಷ ಗೊತ್ತು, ಮರುಮದುವೆ ಗೊತ್ತು,
ಪಥ ಬದಲಾವಣೆ ಗೊತ್ತಿಲ್ಲ.

ರಸ್ತೆಗೆ ಒಂಟೆ ಅಡ್ಡ ಬಂದರೆ ಏನು ಮಾಡುವಿರಿ?
ಊರಲ್ಲಿ ಎಮ್ಮೆಗೆ ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು,
ಕೊಟ್ಟ ಮೂರು ಉತ್ತರಗಳಲ್ಲಿ ಅದಿರಲಿಲ್ಲ.
ವೃತ್ತದಲ್ಲಿ ಮೊದಲ ಹಕ್ಕು ಯಾರಿಗೆ?
ಆಗಲೇ ಒಳಗಿರುವವರಿಗೆ.
ಹನ್ನೊಂದು ವರ್ಷ ಸೊಹಾರಿನಲ್ಲಿ ಕಳೆದವಳು
ಇದನ್ನು ಪುಸ್ತಕ ಓದಿ ಕಲಿಯಬೇಕೆ?

ಶಾಲಾ ಬಸ್ಸಿನ ಆಯಾ ನಾನು. ಬಾಗಿಲ ಪಕ್ಕದ ಮಡಚುವ ಸೀಟು.
ನೂರ್ ಗುಲ್ ಚಾಚಾನ ಕಾಲು ನೋಡಿ ನೋಡಿಯೇ
ಕ್ಲಚ್ಚು ಬಂತೆಂದುಕೊಂಡಿದ್ದೆ.
ನೋಡಿಯೇ ಬರುವುದಾದರೆ ಗಂಗೊಳ್ಳಿ ದಕ್ಕೆಯ ಬೆಕ್ಕುಗಳೆಲ್ಲ
ಬಲೆ ಬೀಸುತ್ತಿದ್ದವು.

ಅಡುಗೆಮನೆಯ ನೆಲದಲ್ಲಿ ಹಾಲಿನ ಪುಡಿಯ ಆರು ಡಬ್ಬ,
ನಡುವೆ ಮಗನ ಜಾಮಿಟ್ರಿ ಬಾಕ್ಸು,
ಹಿಂದಕ್ಕೆ, ಇನ್ನೂ ಹಿಂದಕ್ಕೆ, ಈಗ ಬಲಕ್ಕೆ ಪೂರ್ತಿ.
ಗಂಡ ಬಾಗಿಲಲ್ಲಿ ನಿಂತು ಕೇಳಿದರು:
ನಾನಿಲ್ಲವಾ, ನಿನಗ್ಯಾಕೆ ಇದೆಲ್ಲ?
ಇದ್ದೀರಿ. ಒಂಬತ್ತಕ್ಕೆ ಏಳುತ್ತೀರಿ.
ಒಂಬತ್ತು ಗಂಟೆಯ ಮೀನು ಮೀನಲ್ಲ,
ಮೀನಿನ ತಿಥಿ.

ಉಸ್ತಾದ್ ದಾದ್ ಕರೀಮನ ಕಾರಿನಲ್ಲಿ ಖರ್ಜೂರದ ವಾಸನೆ,
ಅವನ ಕಾಲ ಬಳಿ ಇನ್ನೊಂದು ಬ್ರೇಕು.
ಸೀದಾ, ಎಂದ ಮೊದಲ ದಿನ.
ಸೀದಾ! ನನಗಿಂತ ಮುಂಚೆ ಈ ಊರಿಗೆ ಬಂದು
ಕೆಲಸ ಹಿಡಿದು ಕೂತಿದೆ ನಮ್ಮ ಬೀದಿಯ ಮಾತು.
ಹಿಂದಕ್ಕೆ ಅಂದರೆ ರಿವಾಸ್, ಪಂಚರು ಅಂದರೆ ಬಂಚರ್,
ನಾನು ಮುಂದೊಂದು ದಿನ ದರೇವಲ್.
ಎಡಗೈ ಮಾತ್ರ ಗೇರು ಹುಡುಕುತ್ತ
ಬಾಗಿಲಿಗೆ ಬಡಿದುಕೊಳ್ಳುತ್ತಿತ್ತು,
ಹಳೆ ಮನೆಯ ಸ್ವಿಚ್ಚು ತಡಕುವ ಹಾಗೆ.

ಏರಿನ ಪರೀಕ್ಷೆ ಸುಲಭವಿತ್ತು.
ಅರ್ಧ ಕ್ಲಚ್ಚಿನಲ್ಲಿ ಗಾಡಿ ನಡುಗುತ್ತದೆ,
ಹಿಂದೆ ಜಾರುವುದಿಲ್ಲ, ಮುಂದೆ ಹೋಗುವುದಿಲ್ಲ.
ಅಭ್ಯಾಸ ಇತ್ತು.

ಡ್ರಮ್ಮಿನ ದಿನ ಪೊಲೀಸ ಮೈಕಿನಲ್ಲಿ ಕರೆದ:
ಜುಲಾಬಿ ಶೀನಾ ಕಾರ್‌ವಿ!
ಗುಲಾಬಿ ಖಾರ್ವಿ ಎದ್ದು ನಿಂತೆ.
ಕುಲದ ಹೆಸರೊಳಗೇ ಒಂದು ಕಾರು ಇತ್ತೆಂದು
ಅಂದೇ ಗೊತ್ತಾದದ್ದು.
ಮೊದಲು ಒಂದು, ಆಮೇಲೆ ಎರಡು, ಮೂರನೆಯದು ಢಣ್.
ಮುಂದಿನ ತಿಂಗಳೂ ಮೂರನೆಯದೇ. ಢಣ್.
ಕೈ ಹಿಡಿದು ಕುಡಿಸಿದ ನೀರಿಗೂ ಆ ಸದ್ದು ತಗುಲಿತ್ತು.
ಚಾಚಾ ಒಂದೇ ಮಾತು ಹೇಳಿದ್ದು:
ಡ್ರಮ್ಮು ನೋಡಬೇಡ ಬೇಟಿ, ಡ್ರಮ್ಮುಗಳ ನಡುವಿನದನ್ನು ನೋಡು.

ಅಪ್ಪ ದೋಣಿಯನ್ನು ದಕ್ಕೆಗೆ ತರುತ್ತಿದ್ದುದು ಹಿಮ್ಮುಖವಾಗಿ,
ಎರಡು ದೋಣಿಗಳ ನಡುವೆ, ಬೀಡಿ ಕಚ್ಚಿಕೊಂಡು,
ಕನ್ನಡಿ ಇಲ್ಲ, ಗೆರೆ ಇಲ್ಲ,
ನೀರೇ ಅಲುಗುತ್ತಿರುವಾಗ.
ನನ್ನ ಅಡಿಯಲ್ಲಿ ನೆಲವಾದರೂ ನಿಂತಿದೆಯಲ್ಲ.

ಮೂರನೇ ಸಲ ಏನಾಯಿತೆಂದು ಸರಿಯಾಗಿ ನೆನಪಿಲ್ಲ.
ಸದ್ದು ಬರಲಿಲ್ಲ, ಅಷ್ಟೇ.
ರಸ್ತೆಯ ಪರೀಕ್ಷೆಯಲ್ಲಿ ಪೊಲೀಸ ಸೀದಾ ಎಂದು ಫೋನು ನೋಡುತ್ತ ಕೂತ,
ನಮ್ಮ ಕಟ್ಟಡವೇ ದಾಟಿತು,
ಟೆರೇಸಿನಲ್ಲಿ ನನ್ನ ನೈಟಿ ಗಾಳಿಗೆ ಉಬ್ಬಿತ್ತು.
ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ನೋಡಿದೆ.

ಇವತ್ತು ಬೆಳಿಗ್ಗೆ ಆರಕ್ಕೆ ಮೀನು ಮಾರ್ಕೆಟ್ಟು.
ಎರಡು ಪಿಕಪ್ಪುಗಳ ನಡುವೆ ಇಕ್ಕಟ್ಟು ಜಾಗ.
ಮುದುಕನೊಬ್ಬ ಕೈಬೀಸಿದ, ರಿವಾಸ್, ರಿವಾಸ್,
ನಿಂತ ಮೇಲೆ ಡಿಕ್ಕಿಯ ಮೇಲೆ ಎರಡು ಏಟು ಹಾಕಿದ,
ದೋಣಿಯ ಬೆನ್ನಿಗೆ ಹಾಕುವ ಹಾಗೆ.
ಒಳಗಿಂದ ಯಾರೋ ಕೂಗುತ್ತಿದ್ದರು:
ಕನ್ನದ್! ಕನ್ನದ್!
ಎದೆ ಒಮ್ಮೆ ಧಸಕ್ಕೆಂದಿತು.
ಅದು ಅಂಜಲಿಗೆ ಇಲ್ಲಿಯವರ ಹೆಸರು.
ಹನ್ನೊಂದು ವರ್ಷ ಕೇಳಿರಲಿಲ್ಲ,
ಒಂಬತ್ತಕ್ಕೆ ಬಂದರೆ ಅದು ಮುಗಿದಿರುತ್ತದೆ.

ಕಿವಿರು ಎತ್ತಿ ನೋಡಿದೆ.
ಕೆಂಪಗಿತ್ತು.